ಹೌದು ಎಂದವರು

ಸ್ಪ್ಯಾನರಿನ ಮೊದಲ ಏಟಿಗೆ ಅವನ ಬಲಗೈಯ ಎರಡು ಬೆರಳು ಮುರಿದವು. ಕೀಬೋರ್ಡಿನ ಒಂದು ಗುಂಡಿ ಹಾರಿ ಗೋಡೆಗೆ ಬಡಿಯಿತು.

"ಯಾರು ಅಂತ ಹೇಳು," ಎಂದಳು ಅವಳು. ಇಷ್ಟು ವರ್ಷ ಅವನನ್ನು 'ನೀವು' ಎನ್ನುತ್ತಿದ್ದವಳು.

ಅವನು ಕೂಗಲಿಲ್ಲ. ಕೂಗಿದ್ದರೂ ಕೇಳುವವರಿರಲಿಲ್ಲ. ಬಾಗಿಲಿಗೆ ಅವಳು ಒಳಗಿನಿಂದ ಚಿಲಕ ಹಾಕಿದ್ದಳು, ಸರ್ವರುಗಳ ಫ್ಯಾನುಗಳು ಭೋರೆನ್ನುತ್ತಿದ್ದವು, ಕಾರ್ಖಾನೆಗೆ ಕಾರ್ಖಾನೆಯೇ ಊಟಕ್ಕೆ ಹೋಗಿತ್ತು. ಆದರೂ ಒಮ್ಮೆ ಕೂಗಬಹುದಿತ್ತು. ಏಟು ತಿಂದೂ ಸುಮ್ಮನಿದ್ದವನು ತಪ್ಪು ಮಾಡಿದವನೇ ಎಂದು ಅವಳಿಗೆ ಖಾತ್ರಿಯಾಯಿತು.

ಗೇಟಿನ ಕಾವಲುಗಾರ ಅವಳನ್ನು ತಡೆದಿರಲಿಲ್ಲ. ಗಂಡ ಸತ್ತು ಇಪ್ಪತ್ತು ದಿನವಾದ ಹೆಂಗಸು, ಯಾವುದೋ ಕಾಗದಕ್ಕೆ ಸಹಿ ಹಾಕಲು ಬಂದಿರಬೇಕು ಎಂದುಕೊಂಡು ತಲೆ ತಗ್ಗಿಸಿ ಒಳಗೆ ಬಿಟ್ಟಿದ್ದ. ಗಂಡ ಈ ರಟ್ಟಿನ ಕಾರ್ಖಾನೆಯ ರಿಪೇರಿಯವನು. ದೊಡ್ಡ ಪ್ರೆಸ್ಸಿನೊಳಗೆ ಇಳಿದು, ಸಿಕ್ಕಿಕೊಂಡ ರಟ್ಟನ್ನು ಕಿತ್ತು ತೆಗೆಯುತ್ತಿದ್ದಾಗ ಪ್ರೆಸ್ ಚಾಲೂ ಆಯಿತು. ಮನೆಗೆ ತಂದದ್ದನ್ನು ಬಿಚ್ಚಿ ನೋಡಬೇಡಿ ಎಂದಿದ್ದರು. ಅವಳು ಬಿಚ್ಚಿ ನೋಡಿದ್ದಳು.

ಎದುರು ಕೂತವನು ಅಡ್ಮಿನ್. ಕಂಪ್ಯೂಟರುಗಳಿಗೂ ಯಂತ್ರಗಳಿಗೂ ನಡುವೆ ನಡೆಯುವ ಮಾತುಕತೆಯೆಲ್ಲ ಅವನ ಸುಪರ್ದಿಯಲ್ಲಿ. ಯಾರ ಅಪ್ಪಣೆ ಯಾವ ಯಂತ್ರವನ್ನು ಮುಟ್ಟಬಹುದು, ಯಾರನ್ನು ಬಾಗಿಲಲ್ಲೇ ತಡೆಯಬೇಕು, ಎಲ್ಲ ಅವನು ಬರೆದಿಟ್ಟಂತೆ. ಗಂಡ ಅವನನ್ನು ಬೀಗದಣ್ಣ ಎಂದು ಕಿಚಾಯಿಸುತ್ತಿದ್ದ. ಮನೆಗೆ ಬಂದರೆ ಅವನು ಗಂಡನನ್ನು ಭಾವ ಎನ್ನುತ್ತಿದ್ದ, ಅವಳನ್ನು ತಂಗಿ ಎನ್ನುತ್ತಿದ್ದ.

"ಮನೆಗೆ ಹೋಗು ತಂಗಿ. ಮಗು ಕಾಯ್ತಿರುತ್ತೆ."

"ಮಗು ಸುದ್ದಿ ನಿನಗೆ ಬೇಡ. ಅದೇನು ತನ್ನಷ್ಟಕ್ಕೆ ತಾನೇ ಚಾಲೂ ಆಯ್ತಾ?"

"ಆಗಲ್ಲ. ಒಬ್ಬರು ಹೌದು ಅನ್ನಲೇಬೇಕು. ಅಲ್ಲಿವರೆಗೂ ಅಪ್ಪಣೆ ನಿಂತಲ್ಲೇ ನಿಂತಿರುತ್ತೆ. ಆ ನಿಯಮ ಹಾಕಿದವನೇ ನಾನು. ಭಾವನ ಜೀವ ಉಳೀಲಿ ಅಂತ."

"ಚೆನ್ನಾಗಿ ಉಳಿಸಿದೆ ಬಿಡು."

ಎರಡನೆಯ ಏಟು ಮಣಿಕಟ್ಟಿಗೆ ಬಿತ್ತು. ಒಣ ಕಡ್ಡಿ ಲಟಕ್ಕೆಂದಂತೆ ಸದ್ದು.

"ಹೌದು ಅಂದವರು ಯಾರು? ಯಾರು ಯಾವಾಗ ಏನು ಒತ್ತಿದ್ರು ಅಂತ ಲಾಗಲ್ಲಿ ಎಲ್ಲಾ ಇರುತ್ತಂತಲ್ಲ. ನಮಗೆ ಕೊಟ್ಟ ವರದಿಯಲ್ಲಿ ಆ ಹಾಳೆನೇ ಇಲ್ಲ."

"ನಾನೇ ತೆಗೆದೆ. ಲಾಗಿಂದ ತೆಗೆಯೋಕೆ ಕೈ ಬರಲಿಲ್ಲ."

"ಕೈ ಬರಲಿಲ್ವಂತೆ!" ಅವಳು ನಕ್ಕಳು. ನಗು ಅವಳಿಗೇ ಅಪರಿಚಿತವೆನಿಸಿತು. "ನಿಮ್ಮ ಹಾಳು ಪೆಟ್ಟಿಗೆಗೆ ಹೌದು ಅನ್ನಿಸಿಕೊಳ್ಳೋ ಚಟ. ದಿನಕ್ಕೆ ಹತ್ತು ಸಲ ಅವರ ಫೋನಲ್ಲಿ ಕೂಗೋದು. ಅವರು ಸ್ನಾನಕ್ಕೆ ಹೋಗಿದ್ರೆ ನಾನೇ ಒತ್ತುತ್ತಿದ್ದೆ, ಇಲ್ಲದಿದ್ರೆ ಬಾಯಿ ಮುಚ್ತಿರಲಿಲ್ಲ ಅದು. ಅವತ್ತು ಮಗುಗೆ ಮೈ ಸುಡೋ ಜ್ವರ. ರಾತ್ರಿಯೆಲ್ಲ ಅತ್ತು ಬೆಳಿಗ್ಗೆ ಆಗಷ್ಟೇ ಕಣ್ಣು ಮುಚ್ಚಿತ್ತು. ನೀವು ಕರೆಸಿದ ಗಡಿಬಿಡಿಗೆ ತಿಂಡಿ ಡಬ್ಬಿ, ಫೋನು, ಕನ್ನಡಕ ಎಲ್ಲಾ ಬಿಟ್ಟು ಓಡಿದ್ರು. ಬರ್ತೀನಿ ಅಂತ ಒಂದು ಮಾತೂ ಹೇಳಲಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಕಣ್ಣು ತಗ್ಗಿಸಿದ.

"ತೆಗಿ ಲಾಗನ್ನ."

ಅವನು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದು ಒಂದು ಕಡೆ ನಿಂತವು. ಒಂದು ಸಾಲು ನೀಲಿಯಾಯಿತು. ಅದರ ಕೆಳಗೆ ಚಿಕ್ಕ ಚೌಕ ತೆರೆಯಿತು: ಈ ಸಾಲನ್ನು ಶಾಶ್ವತವಾಗಿ ಅಳಿಸಬೇಕೆ?

ಅವನ ಬೆರಳು ಗುಂಡಿ ಮುಟ್ಟುವ ಮೊದಲೇ ಅವಳು ಅವನ ಕೂದಲು ಹಿಡಿದು ಮುಖವನ್ನು ಮೇಜಿಗೆ ಜಜ್ಜಿದಳು. ಪರದೆಗೆ ರಕ್ತ ಚಿಮ್ಮಿತು.

"ಅಳಿಸ್ತೀಯಾ? ಯಾರನ್ನು ಕಾಪಾಡ್ತಿದ್ದೀಯ? ನಿನಗೆ ಅವರು ಅಷ್ಟು ಬೇಕಾದವರಾ?"

"ಬೇಕಾದವರೇ," ಎಂದ ಅವನು. ಬಾಯಿ ತುಂಬ ರಕ್ತ. ಸ್ಪ್ಯಾನರ್ ಮತ್ತೆ ಮೇಲೆದ್ದದ್ದನ್ನು ಕಂಡು ಅವಸರದಿಂದ ಹೇಳಿದ: "ನಾನೇ. ನಾನೇ ಹೌದು ಅಂದಿದ್ದು. ಸಾಕಾ? ಇನ್ನು ಅದನ್ನ ನೋಡಬೇಡ ತಂಗಿ. ದಮ್ಮಯ್ಯ."

ಮೂರನೆಯದು ಕಪಾಲಕ್ಕೆ. ಆಮೇಲಿನವನ್ನು ಅವಳು ಎಣಿಸಲಿಲ್ಲ.

ಕುರ್ಚಿಯ ಸಮೇತ ಅವನು ಪಕ್ಕಕ್ಕೆ ಉರುಳಿದ. ಒಂದು ಕಾಲು ಸ್ವಲ್ಪ ಹೊತ್ತು ನೆಲ ಒದೆಯಿತು, ನಿಂತಿತು. ಫ್ಯಾನುಗಳು ಭೋರೆನ್ನುತ್ತಲೇ ಇದ್ದವು. ಅವಳು ಉಸಿರು ಹತೋಟಿಗೆ ಬರುವವರೆಗೆ ನಿಂತಳು. ಏನೂ ಅನ್ನಿಸಲಿಲ್ಲ, ಹಗುರವೂ ಆಗಲಿಲ್ಲ.

ಅವನ ಹೆಸರನ್ನು ಕಣ್ಣಾರೆ ಒಮ್ಮೆ ನೋಡಿ ಹೋಗೋಣವೆಂದು ತೋಳಿನಿಂದ ಪರದೆಯ ರಕ್ತ ಒರೆಸಿದಳು. ಪ್ರಶ್ನೆಯ ಚೌಕ ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. ಅದರ ಮೇಲಿದ್ದ ನೀಲಿ ಸಾಲನ್ನು ಓದಿದಳು.

'ಬೆಳಿಗ್ಗೆ 10.42. ರಿಪೇರಿಯವರೇ, ನೀವು ಪ್ರೆಸ್ಸಿನಿಂದ ಹೊರಗೆ ಬಂದಿದ್ದೀರಾ? ಉತ್ತರ: ಹೌದು. ಉತ್ತರ ಬಂದದ್ದು: ರಿಪೇರಿಯವರ ಫೋನ್, ಮನೆಯ ವೈಫೈ.'