ಸೇನಾಪತಿಗೊಂದು ಸಲಹೆ

ಟೀವಿ ಧಾರಾವಾಹಿಯ ಪಾತ್ರಗಳು ಮರುದಿನ ಬೆಳಗ್ಗೆ ಮನೆಮನೆಗೆ ಬಂದು ಗುಣದೋಷ ಕೇಳಿಕೊಂಡು ಹೋಗುವುದು ತುಮಕೂರಿನಲ್ಲಿ ಹಾಲಿನವನು ಬಂದಷ್ಟೇ ಮಾಮೂಲು. ಇವತ್ತು ಸರ್ವಮಂಗಳಮ್ಮನ ಬಾಗಿಲಿಗೆ ಬಂದವನು ಅನ್ಯಗ್ರಹದ ಮೂರು ಕಣ್ಣಿನ ಸೇನಾಪತಿ.

"ನಿನ್ ವಿಮಾನ ಜೋರಾಗಿದೆ ಕಣಪ್ಪ. ಆದ್ರೆ ಮುನ್ನೂರು ವರ್ಷ ಹಾರ್ಕೊಂಡ್ ಬಂದ್ರೂ ಒಬ್ರೂ ಇನ್ನೊಬ್ರನ್ನ 'ಊಟ ಆಯ್ತಾ' ಅಂತ ಕೇಳಲ್ವಲ್ಲ, ಅದನ್ನ ಹೆಂಗ್ ನಂಬೋದು?"

ಸೇನಾಪತಿ ಶ್ರದ್ಧೆಯಿಂದ ಬರೆದುಕೊಂಡು ಹೋದ. ಮುಂದಿನ ವಾರ ಟ್ರಂಕು ಹಿಡಿದು ಬಂದ.

"ರಣರಂಗದಲ್ಲಿ ಶತ್ರೂನ ಕೇಳೇಬಿಟ್ಟೆ ಅಮ್ಮಾ. ಇನ್ನೂ ಇಲ್ಲ ಅಂದ. ಇಬ್ರೂ ಊಟಕ್ಕೆ ಕೂತ್ವಿ. ಯುದ್ಧಾನೂ ನಿಂತೋಯ್ತು, ಧಾರಾವಾಹೀನೂ ನಿಂತೋಯ್ತು." ಮೂರೂ ಕಣ್ಣಲ್ಲಿ ನೀರು.

"ಆ ಶತ್ರು ಎಲ್ಲಿ ಈಗ?"

"ಗೇಟ್ ಹತ್ರ ನಿಂತಿದಾನೆ."

ಸರ್ವಮಂಗಳಮ್ಮ ನಿಟ್ಟುಸಿರಿಟ್ಟು ಕುಕ್ಕರಿಗೆ ಇನ್ನೊಂದು ಪಾವು ಅಕ್ಕಿ ಹಾಕಿದರು.