ಎರಡು ಹೊಲಿಗೆ

“ಪಾಪ, ಚಿಕ್ಕ ವಯಸ್ಸು!” ಎಂದು ಅತ್ತೆ ಡಾಕ್ಟರ ಮುಂದೆಯೂ ಅದೇ ರಾಗ ಎಳೆದರು. ಹೊಲಿಗೆ ಅಂಗಡಿಯಿಂದ ನೇರ ಎದ್ದು ಬಂದಿದ್ದ ಸೊಸೆ ಹಲ್ಲು ಕಚ್ಚಿ, ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಆಪರೇಷನ್ ಆದಾಗಿನಿಂದ ನೋಡಲು ಬಂದವರದೆಲ್ಲ ಇದೇ ಪಲ್ಲವಿ. ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು.

“ಕ್ಯಾನ್ಸರ್ ಗಡ್ಡೆ ತೆಗೆದು ಸ್ತನ ಉಳಿಸಿದ್ದೀವಿ, ಇನ್ನು ರೇಡಿಯೇಷನ್,” ಎಂದರು ಡಾಕ್ಟರ್. “ವಯಸ್ಸಾದ ಕೆಲವರಿಗೆ ಗಡ್ಡೆ ಇದ್ದ ಜಾಗಕ್ಕಷ್ಟೇ ಕೊಟ್ರೂ ಸಾಕು. ನಿಮಗೆ ಇಡೀ ಸ್ತನಕ್ಕೆ ಕೊಟ್ಟು, ಆ ಜಾಗಕ್ಕೆ ಇನ್ನೊಂದಿಷ್ಟು ಕೊಡೋದು ಒಳ್ಳೇದು.”

“ಮುದುಕೀರಿಗೆ ಕಮ್ಮಿ, ಇವಳಿಗೆ ಜಾಸ್ತೀನಾ? ಇದ್ಯಾವ ನ್ಯಾಯ?” ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. “ಚಿಕ್ಕ ವಯಸ್ಸು ಕಣ್ರೀ!”

“ಅದಕ್ಕೇ ಜಾಸ್ತಿ. ಚಿಕ್ಕವರಲ್ಲಿ ಅದು ಮತ್ತೆ ಬರೋ ಸಾಧ್ಯತೆ ಹೆಚ್ಚು. ಇವರು ಇನ್ನೂ ಬಹಳ ವರ್ಷ ಬದುಕಬೇಕಲ್ಲ.”

ಟೇಪು ಸುತ್ತುತ್ತಿದ್ದ ಕೈ ನಿಂತಿತು. ಮರುಗಲು ಬಂದ ಅಷ್ಟು ಜನರಲ್ಲಿ ಒಬ್ಬರ ಬಾಯಲ್ಲೂ ಈ ಮಾತು ಬಂದಿರಲಿಲ್ಲ.

“ಅತ್ತೆ, ಸ್ವಲ್ಪ ಸುಮ್ನಿರ್ತೀರಾ?” ಎಂದಳು. “ನಾಲ್ಕು ದಿನ ಹಾಕಿ ಬಿಸಾಡೋ ಬಟ್ಟೆಗೆ ಒಂದು ಹೊಲಿಗೆ ಸಾಕು. ಬಹಳ ವರ್ಷ ಬಾಳಿಕೆ ಬರಬೇಕಾದ್ದಕ್ಕೆ ಎರಡು ಹಾಕಲ್ವಾ ನಾನು?” ಆಮೇಲೆ ಟೇಪು ಬಿಚ್ಚಿ ಮೇಜಿನ ಮೇಲಿಟ್ಟಳು.

“ಡಾಕ್ಟ್ರೇ, ನನಗೆ ಎರಡು ಹೊಲಿಗೆ ಹಾಕಿ.”