ಮುಳುಗೋ ಮಾತೇ ಇಲ್ಲ

“ಬೇಗ ಒಂದು ಜಾಕೆಟ್ ಕೊಡಮ್ಮ, ದೋಣಿ ಹೊರಡ್ತಿದೆ! ಆಚೆ ದಡದಲ್ಲಿ ಹೆಂಡ್ತಿ ಮಕ್ಕಳು ಕಾಯ್ತಿದ್ದಾರೆ. ನಂಗೆ ಈಜು ಬೇರೆ ಬರಲ್ಲ.”

ದನಿ ಕೇಳಿಯೇ, ದಡದಲ್ಲಿ ಈಜು ಜಾಕೆಟ್ ಹೊಲಿದು ಮಾರುವ ದರ್ಜಿ ಹೆಂಗಸಿಗೆ ಗುರುತು ಸಿಕ್ಕಿತು. ಹೋದ ವರ್ಷ, ಯುದ್ಧಕ್ಕೆ ಹೆದರಿ ಓಡಿಬಂದವರಿಗೆಲ್ಲ “ಮುಳುಗೋ ಮಾತೇ ಇಲ್ಲ” ಎಂದು ಈಜು ಜಾಕೆಟ್ ಮಾರಿದವನು ಇವನೇ. ಒಳಗೆ ತುಂಬಿದ್ದು ಹಳೇ ಹಾಸಿಗೆಯ ಸ್ಪಂಜು. ನೀರು ಕುಡಿದರೆ ಕಲ್ಲಿನಷ್ಟು ಭಾರ. ಈಗ ಯುದ್ಧ ಇವನ ಮನೆ ಬಾಗಿಲಿಗೂ ಬಂದಿತ್ತು.

ಅವಳು ಹೊಲಿಗೆ ಯಂತ್ರದ ಕೆಳಗಿನಿಂದ ಕಿತ್ತಳೆ ಬಣ್ಣದ ಜಾಕೆಟ್ಟೊಂದನ್ನು ತೆಗೆದಳು. ತಾನೇ ತೊಡಿಸಿ, ಪಟ್ಟಿ ಬಿಗಿದು, ಎರಡೆರಡು ಗಂಟು ಹಾಕಿದಳು.

“ಮುಳುಗಲ್ಲ ತಾನೆ?”

“ನೀವೇ ಮಾರಿದ್ದಲ್ವಾ, ಅಣ್ಣ? ಅಮ್ಮನ್ನ ಹುಡುಕ್ಕೊಂಡು ಹೊರಟ ನನ್ನ ತಮ್ಮ ಒಂದೇ ಒಂದು ಸಲ ಹಾಕ್ಕೊಂಡಿದ್ದು.”